ಮುಂದಿನ ರಾಷ್ಟ್ರಪತಿ ಯಾವ ಕೇರಿಯೋನು?

ದ್ರೌಪದಿ ಮುರ್ಮು ಅವರು ಪ್ರಮಾಣವಚನ ತಗೊಂಡದ್ದು 2022ರ ಜುಲೈ 25ರಂದು. ಐದು ವರ್ಷದ ಅವಧಿ 2027ರ ಜುಲೈಗೆ ತೀರುತ್ತದೆ. ಅವಧಿ ತೀರುವ ಮುಂಚೆಯೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 62ನೇ ವಿಧಿ ಹೇಳುತ್ತದೆ. ಸರಿ, ತಕ್ಕಡಿ ಹಿಡಿದವರಿಗೆ ಇಷ್ಟು ಸಾಕು. ಪೇಟೆಯ ಪಂಡಿತರು ಜಾತಿ ಜಾತಿಯಾಗಿ ಹೆಸರು ತೂಗತೊಡಗುತ್ತಾರೆ. "ದಲಿತರಿಗೆ ಎರಡು ಸಲ ಆಯ್ತಲ್ಲ, ಆದಿವಾಸಿಗೆ ಒಂದ್ಸಲ ಆಯ್ತಲ್ಲ, ಇನ್ನೇನು ಬೇಕು? ಈ ಸಲ ದಕ್ಷಿಣದೋರು ಬರ್ಲಿ, ಹಿಂದುಳಿದೋರು ಬರ್ಲಿ, ಇಲ್ಲ ಇನ್ನೊಬ್ಬ ಹೆಂಗಸು ಬರ್ಲಿ." ಸಂತೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡುವವರೂ ಇದಕ್ಕಿಂತ ಮರ್ಯಾದೆಯಿಂದ ಮಾತಾಡುತ್ತಾರೆ.

ಗೆಳೆಯರೆ, ಈ ಊಹೆಯಾಟ ಹೊಸದಲ್ಲ. ಇದರ ದೊಡ್ಡದೊಂದು ಪಂದ್ಯ ನಡೆದದ್ದೇ ನಮ್ಮ ಬೆಂಗಳೂರಲ್ಲಿ. 1969ರ ಮೇ ತಿಂಗಳಲ್ಲಿ ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈನಲ್ಲಿ ಕಾಂಗ್ರೆಸ್ಸಿನ ಘಟಾನುಘಟಿಗಳು ಬೆಂಗಳೂರಲ್ಲಿ ಸೇರಿದರು. ಪಕ್ಷದ ಅಧ್ಯಕ್ಷರು ನಮ್ಮವರೇ, ನಿಜಲಿಂಗಪ್ಪನವರು. ಪಾರ್ಲಿಮೆಂಟರಿ ಬೋರ್ಡಿನಲ್ಲಿ ಇಂದಿರಾ ಗಾಂಧಿ ಜಗಜೀವನ ರಾಂ ಹೆಸರು ಮುಂದಿಟ್ಟರು. ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬುತ್ತಿದ್ದ ವರ್ಷ ಅದು. ಹರಿಜನ ಹರಿಜನ ಎಂದು ಜಪ ಮಾಡುತ್ತಿದ್ದ ಪಕ್ಷಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಇನ್ನೊಂದಿತ್ತೆ? ಆದರೆ ಬೋರ್ಡಿನಲ್ಲಿ ಬಹುಮತ ಸಿಂಡಿಕೇಟಿನದು. ಅವರು ಸಂಜೀವ ರೆಡ್ಡಿಯವರನ್ನು ಆರಿಸಿಕೊಂಡರು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಇಂದಿರಾ "ಆತ್ಮಸಾಕ್ಷಿಯ ಮತ ಹಾಕಿ" ಎಂದರು. ಎರಡನೇ ಪ್ರಾಶಸ್ತ್ಯದ ಮತ ಎಣಿಸಿ ಗಿರಿ ಗೆದ್ದರು. ಕಾಂಗ್ರೆಸ್ ಸೀಳಿತು. ಚರಿತ್ರೆಯ ಪುಸ್ತಕಗಳು ಈ ಕಥೆಯನ್ನು ಇಂದಿರಾಗೂ ಸಿಂಡಿಕೇಟಿಗೂ ನಡೆದ ಕುಸ್ತಿ ಎಂದು ಬರೆಯುತ್ತವೆ. ಅಖಾಡದಲ್ಲಿ ಒಂದು ಗಳಿಗೆ ಎತ್ತಿ ತೋರಿಸಿ ಕೆಳಗಿಟ್ಟ ಆ ಹೆಸರಿನ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ. ಸಿಂಡಿಕೇಟಿಗೆ ಆ ಹೆಸರು ಬೇಡವಾಗಿತ್ತು ಸರಿ. ಇಟ್ಟವರಿಗಾದರೂ ಬೇಕಿತ್ತೆ? ಬೇಕಿದ್ದರೆ ಪಕ್ಷವನ್ನೇ ಮುರಿಯುವ ಧೈರ್ಯ ಮಾಡಿದವರು ಆ ಧೈರ್ಯವನ್ನು ಜಗಜೀವನ ರಾಂ ಹೆಸರಿಗೇಕೆ ಮಾಡಲಿಲ್ಲ?

ಇಲ್ಲಿಗೇ ನಿಲ್ಲುವುದಿಲ್ಲ ಇದು. ಹತ್ತು ವರ್ಷ ಮುಂದೆ ಬನ್ನಿ. 1979ರ ಆಗಸ್ಟ್. ಚರಣ್ ಸಿಂಗ್ ಲೋಕಸಭೆಯ ಮುಖವನ್ನೇ ನೋಡದೆ ರಾಜೀನಾಮೆ ಕೊಟ್ಟರು. ಜನತಾ ಪಕ್ಷದ ಸಂಸದರ ನಾಯಕ ಆಗ ಜಗಜೀವನ ರಾಂ. ನನ್ನನ್ನು ಕರೆಯಿರಿ, ಸದನದಲ್ಲಿ ಬಹುಮತ ತೋರಿಸುತ್ತೇನೆ ಅನ್ನುವುದು ಅವರ ವಾದ. ತೀರ್ಮಾನ ಮಾಡಬೇಕಾದ ರಾಷ್ಟ್ರಪತಿ ಯಾರು? ಬೆಂಗಳೂರಲ್ಲಿ ಇದೇ ಜಗಜೀವನ ರಾಂ ಎದುರು ಹೆಸರು ಗಿಟ್ಟಿಸಿಕೊಂಡಿದ್ದ, 1977ರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದ ಅದೇ ಸಂಜೀವ ರೆಡ್ಡಿ! ಆಗಸ್ಟ್ 22ರಂದು ಅವರು ಲೋಕಸಭೆಯನ್ನು ವಿಸರ್ಜಿಸಿಬಿಟ್ಟರು. ಈ ದೇಶಕ್ಕೆ ದಲಿತ ಪ್ರಧಾನಿಯೊಬ್ಬ ಬರಬಹುದಾಗಿದ್ದ ಬಾಗಿಲು ಒಂದು ಸಹಿಯಲ್ಲಿ ಮುಚ್ಚಿತು.

ಜಗಜೀವನ ರಾಂ ಏನೂ ಸಂತರಲ್ಲ. 1975ರ ಜುಲೈನಲ್ಲಿ ತುರ್ತು ಪರಿಸ್ಥಿತಿಗೆ ಲೋಕಸಭೆಯ ಒಪ್ಪಿಗೆ ಕೇಳುವ ನಿರ್ಣಯ ಮಂಡಿಸಿದ ಕೈ ಅವರದೇ. ಅದನ್ನು ನಾವು ಮರೆಯಬೇಕಿಲ್ಲ. ಆದರೆ ರಾಷ್ಟ್ರಪತಿ ಎಂದರೆ ಬರೀ ರಬ್ಬರ್ ಸ್ಟಾಂಪು, ಆ ಕುರ್ಚಿಯಲ್ಲಿ ಯಾರು ಕುಂತರೇನು ಎಂದು ನಮಗೆ ಪಾಠ ಹೇಳುವವರು 1979ರ ಆಗಸ್ಟಿನ ಲೆಕ್ಕ ಕೊಡಲಿ. ಆ ಸ್ಟಾಂಪು ಯಾವಾಗ ಗಟ್ಟಿಯಾಗುತ್ತದೆ, ಯಾರ ಎದೆಯ ಮೇಲೆ ಗಟ್ಟಿಯಾಗುತ್ತದೆ ಎಂದು ಹೇಳಲಿ.

ಈಗ ಮಗಳ ಕಥೆ. 2012ರಲ್ಲಿ ಮೀರಾ ಕುಮಾರ್ ಲೋಕಸಭೆಯ ಸ್ಪೀಕರ್ ಆಗಿದ್ದರು. ಅವರ ಪಕ್ಷ ದಿಲ್ಲಿಯಲ್ಲಿ ಅಧಿಕಾರದಲ್ಲಿತ್ತು, ರಾಷ್ಟ್ರಪತಿಯನ್ನು ಗೆಲ್ಲಿಸುವ ಬಲವೂ ಇತ್ತು. ಆಗ ಆರಿಸಿದ್ದು ಪ್ರಣಬ್ ಮುಖರ್ಜಿಯವರನ್ನು. 2017ರಲ್ಲಿ ಬಲ ಇರಲಿಲ್ಲ. ಆಳುವ ಪಕ್ಷ ರಾಮನಾಥ ಕೋವಿಂದರ ಹೆಸರು ಹೇಳಿದ ಮೂರೇ ದಿನಕ್ಕೆ ಇವರಿಗೆ ಮೀರಾ ಕುಮಾರ್ ನೆನಪಾದರು! ದಲಿತನ ಎದುರು ದಲಿತೆ. ಕೋವಿಂದರಿಗೆ ನೂರಕ್ಕೆ 65 ಚಿಲ್ಲರೆ, ಮೀರಾ ಅವರಿಗೆ 34 ಚಿಲ್ಲರೆ. ಗೆಲ್ಲೋ ಬಂಡಿಗೆ ಬೇರೆ ಎತ್ತು, ಹೂತು ಹೋಗೋ ಬಂಡಿಗೆ ನಮ್ಮೆತ್ತು. ಅಪ್ಪನ ಹೆಸರನ್ನು ಬೆಂಗಳೂರಲ್ಲಿ ಎತ್ತಿ ಇಳಿಸಿದರು, ಮಗಳ ಹೆಸರನ್ನು ಸೋಲುವುದಕ್ಕೆಂದೇ ಎತ್ತಿದರು. ನಡುವೆ ಬರೋಬ್ಬರಿ 48 ವರ್ಷ.

ಇದನ್ನು ನೆನಪಿಟ್ಟುಕೊಂಡೇ ಮುಂದಿನ ಹೆಸರುಗಳನ್ನು ಕೇಳಿಸಿಕೊಳ್ಳಬೇಕು. ಆಳುವವರ ಕಡೆಯಿಂದ ಉಪರಾಷ್ಟ್ರಪತಿ ಸಿ.ಪಿ. ರಾಧಾಕೃಷ್ಣನ್ ಹೆಸರು ಬರಬಹುದು. ತಮಿಳುನಾಡಿನವರು, 2025ರ ಸೆಪ್ಟೆಂಬರಿನಲ್ಲಿ 452 ಮತ ಪಡೆದು ಗೆದ್ದವರು. ಹಿಂದೆ ಆರು ಜನ ಉಪರಾಷ್ಟ್ರಪತಿಗಳು ಆ ಮೆಟ್ಟಿಲಿಂದ ಈ ಮೆಟ್ಟಿಲು ಹತ್ತಿದ್ದಾರೆ. ಕೊನೆಗೆ ಹತ್ತಿದವರು ಕೆ.ಆರ್. ನಾರಾಯಣನ್. ಅವರಾದ ಮೇಲೆ 2022ರವರೆಗೆ ಒಬ್ಬರೂ ಹತ್ತಿಲ್ಲ. ಇರಲಿ, ಅದು ಅವರವರ ಮನೆಯ ಪಂಚಾಯ್ತಿ.

ನನಗೆ ಭಯ ಇರುವುದು ವಿರೋಧ ಪಕ್ಷದವರು ಹುಡುಕುವ ಹೆಸರಿನ ಬಗ್ಗೆ. ಮಲ್ಲಿಕಾರ್ಜುನ ಖರ್ಗೆಯವರ ಹೆಸರು ಬಂದರೆ ನಮ್ಮ ಹುಡುಗರು ತಮಟೆ ಬಡಿದು ಕುಣಿಯುತ್ತಾರೆ, ನನಗೆ ಗೊತ್ತು. 1972ರಲ್ಲಿ ಗುರುಮಿಠಕಲ್ಲಿನಿಂದ ಗೆದ್ದಲ್ಲಿಂದ ಐವತ್ತು ವರ್ಷ ದುಡಿದ ಮನುಷ್ಯ. ಕರ್ನಾಟಕ 1947ರಿಂದ 2025ರವರೆಗೆ ಕಂಡ ಮುಖ್ಯಮಂತ್ರಿಗಳಲ್ಲಿ ಒಬ್ಬನೂ ದಲಿತನಿಲ್ಲ, ಖರ್ಗೆಯವರಿಗೂ ಆ ಕುರ್ಚಿ ದಕ್ಕಲಿಲ್ಲ. ಆಳುವ ಕುರ್ಚಿ ಕೈಯಳತೆಯಲ್ಲಿದ್ದಾಗ ಕೊಡದವರು, ಎಣಿಕೆ ಮಾಡಿ ಸೋಲು ಖಾತ್ರಿಯಾದ ಮೇಲೆ ರೈಸಿನಾ ಗುಡ್ಡ ತೋರಿಸಿದರೆ ಅದಕ್ಕೆ ಗೌರವ ಅನ್ನಬೇಕೆ? ಗೆಲ್ಲುವ ಬಲ ಇದ್ದಾಗ ಹೆಸರು ಹೇಳಿ ಸ್ವಾಮಿ. ಆಗ ಮಾತಾಡೋಣ.

ಈ ವಿಷಯದಲ್ಲಿ ಮಾಯಾವತಿಯವರಿಗಿದ್ದ ಎಚ್ಚರ ನಮ್ಮ ಪಂಡಿತರಿಗಿಲ್ಲ. 2022ರ ಉತ್ತರ ಪ್ರದೇಶದ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಬಂದದ್ದು 403ರಲ್ಲಿ ಒಂದೇ ಸೀಟು. ಅವರನ್ನು ರಾಷ್ಟ್ರಪತಿ ಮಾಡುತ್ತಾರಂತೆ ಎಂಬ ಗುಸುಗುಸು ಹಬ್ಬಿತು. ಅವರು ಅಂದದ್ದೇನು? ಮುಖ್ಯಮಂತ್ರಿ ಆಗುವ, ಪ್ರಧಾನಿ ಆಗುವ ಕನಸು ಕಾಣಬಲ್ಲೆ, ರಾಷ್ಟ್ರಪತಿ ಆಗುವ ಕನಸು ಕಾಣಲಾರೆ. ಒಂದೇ ಸೀಟಿನ ಸೋಲಿನಲ್ಲಿ ಕುಂತು ಈ ಮಾತು ಆಡುವುದಕ್ಕೆ ಗುಂಡಿಗೆ ಬೇಕು. ಅವರ ರಾಜಕಾರಣದ ಮೇಲೆ ನನಗೆ ನೂರು ಜಗಳವಿದೆ. ಈ ಮಾತಿನ ಮೇಲೆ ಇಲ್ಲ.

ಯಾಕೆಂದರೆ ಊರಿನ ವ್ಯವಸ್ಥೆ ಕಂಡವರಿಗೆ ದಿಲ್ಲಿಯ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ಊರಲ್ಲಿ ಸಾರು ಹಾಕುವವನು ಯಾರು? ತೋಟಿ. "ಕೇಳ್ರಪ್ಪೋ ಕೇಳ್ರಿ" ಎಂದು ಬೀದಿ ಬೀದಿ ತಿರುಗುವ ತಮಟೆ ನಮ್ಮದು, ಗಂಟಲು ನಮ್ಮದು, ಸುದ್ದಿ ಮಾತ್ರ ಗೌಡಂದು. ಪ್ರತಿ ವರ್ಷ ಪಾರ್ಲಿಮೆಂಟಿನ ಜಂಟಿ ಸದನದಲ್ಲಿ ರಾಷ್ಟ್ರಪತಿ ಓದುವ ಭಾಷಣವನ್ನು ಕೇಳಿ ನೋಡಿ. "ನನ್ನ ಸರ್ಕಾರ" ಎಂದು ಶುರುವಾಗಿ "ನನ್ನ ಸರ್ಕಾರ" ಎಂದೇ ಸಾಗುತ್ತದೆ. ಬರೆದು ಕೊಡುವುದು ಮಂತ್ರಿಮಂಡಲ. ಆದರೆ ಹಬ್ಬದ ದಿನ? 2023ರ ಮೇ 28ರಂದು ಹೊಸ ಪಾರ್ಲಿಮೆಂಟ್ ಭವನವನ್ನು ಪ್ರಧಾನಿ ಉದ್ಘಾಟಿಸಿದಾಗ ರಾಷ್ಟ್ರಪತಿ ಅಲ್ಲಿರಲಿಲ್ಲ. ಅವರ ಸಂದೇಶ ಬಂತು, ಓದಿದವರು ಇನ್ನೊಬ್ಬರು. ಪಾರ್ಲಿಮೆಂಟ್ ಅಂದರೆ ರಾಷ್ಟ್ರಪತಿ ಮತ್ತು ಎರಡು ಸದನ ಎಂದು 79ನೇ ವಿಧಿ ಹೇಳುತ್ತದೆ. ಮನೆಯ ಯಜಮಾನಿಯನ್ನೇ ಹೊರಗಿಟ್ಟು ಗೃಹಪ್ರವೇಶ!

ನಾನು ಪಿಯುಸಿಯಲ್ಲಿದ್ದಾಗ ಕೋವಿಂದರ ಪ್ರಮಾಣವಚನ ಟೀವಿಯಲ್ಲಿ ಬರುತ್ತಿತ್ತು. "ನೋಡ್ಲಾ ಮಗ, ನಮ್ಮೋನು ಕುಂತವ್ನೆ" ಎಂದು ನಮ್ಮ ದೊಡ್ಡಪ್ಪ ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ಆ ಹಿಗ್ಗನ್ನು ನೋಡಿ ನಗುವ ಯೋಗ್ಯತೆ ಯಾವ ಪಂಡಿತನಿಗೂ ಇಲ್ಲ. ಅದೇ ಸಾಯಂಕಾಲ ಊರ ಹೋಟೆಲಿನಲ್ಲಿ ದೊಡ್ಡಪ್ಪನಿಗೆ ಟೀ ಬಂದದ್ದು ಪೇಪರ್ ಲೋಟದಲ್ಲಿ, ಪಕ್ಕದವರಿಗೆ ಸ್ಟೀಲ್ ಲೋಟ. "ಅದೂ ಒಳ್ಳೇದೇ ಬುಡು, ತೊಳೆಯೋ ಕೆಲ್ಸ ಇಲ್ಲ" ಅಂದರು ದೊಡ್ಡಪ್ಪ. ಈ ಎರಡು ಮಾತಿನ ನಡುವೆ ಇರುವ ಹಾದಿ ಎಷ್ಟು ಉದ್ದ ಎಂಬುದು ಹೆಸರು ತೂಗುವ ತಕ್ಕಡಿಗೆ ಹತ್ತುವುದಿಲ್ಲ.

ಹಾಗಾದರೆ ನಮ್ಮವರು ಆ ಕುರ್ಚಿಗೆ ಹೋಗಬಾರದೆ? ಹೋಗಲಿ. ಹೋದವರು ಏನು ಮಾಡಿದರೆಂದು ನೋಡೋಣ. ಕೆ.ಆರ್. ನಾರಾಯಣನ್ 1997ರಲ್ಲಿ ಗೆದ್ದರು, ಕೇರಳದ ಉಳವೂರಿನ ಗುಡಿಸಲಿನಿಂದ ಬಂದವರು. ಅದೇ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂದು ಗುಜ್ರಾಲ್ ಸರ್ಕಾರ ಕಳಿಸಿದ ಕಡತವನ್ನು ಮರುಪರಿಶೀಲಿಸಿ ಎಂದು ವಾಪಸ್ಸು ಕಳಿಸಿದರು. ಸರ್ಕಾರ ಸುಮ್ಮನಾಯಿತು. 1998ರಲ್ಲಿ ಬಿಹಾರದ ವಿಷಯದಲ್ಲಿ ವಾಜಪೇಯಿ ಸರ್ಕಾರಕ್ಕೂ ಅದೇ ಉತ್ತರ. ಒಂದು ಸಲ ಉಳಿದದ್ದು ಬಿಜೆಪಿ ಸರ್ಕಾರ, ಇನ್ನೊಂದು ಸಲ ಅದರ ವಿರೋಧಿಗಳದು. ಪಕ್ಷ ನೋಡದೆ ಆಡಿದ ಲೇಖನಿ ಅದು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹಮದರು ತುರ್ತು ಪರಿಸ್ಥಿತಿಗೆ ಒತ್ತಿದ ಸಹಿಯ ಪಕ್ಕ, 2019ರ ನವೆಂಬರ್ 23ರಂದು ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆಯನ್ನು ಬೆಳಗಿನ ಜಾವ 5.47ಕ್ಕೆ ತೆಗೆದ ಆದೇಶದ ಪಕ್ಕ, ನಾರಾಯಣನ್ ಅವರ ಆ ಕಡತಗಳನ್ನು ಇಟ್ಟು ನೋಡಿ. ಸಂವಿಧಾನ ಎಲ್ಲರಿಗೂ ಒಂದೇ ಇತ್ತು.

ಆದರೂ 2000ದ ಮಾರ್ಚ್ 11ರಂದು ನಮ್ಮ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟಾಗ ರಾಷ್ಟ್ರಪತಿ ಭವನದಲ್ಲಿ ಇದ್ದವರು ಅದೇ ನಾರಾಯಣನ್. ಆರೋಪಿಗಳು 2006ರಲ್ಲಿ ಖುಲಾಸೆಯಾದರು. ಸಾಕ್ಷಿ ಹೇಳುವವರ ಗಂಟಲು ಕಟ್ಟಿತ್ತು. ದಿಲ್ಲಿಯ ಆ ಮುನ್ನೂರ ನಲವತ್ತು ಕೋಣೆಯ ಮನೆಯಲ್ಲಿ ನಮ್ಮವನು ಇದ್ದ ಮಾತ್ರಕ್ಕೆ ಕೋಲಾರದ ಹಟ್ಟಿಗೆ ಹಚ್ಚಿದ ಬೆಂಕಿ ಆರಲಿಲ್ಲ.

ಮುರ್ಮು ಅವರ ವಿಷಯಕ್ಕೂ ನ್ಯಾಯ ಸಲ್ಲಬೇಕು. 2017ರಲ್ಲಿ ಜಾರ್ಖಂಡಿನ ರಾಜ್ಯಪಾಲರಾಗಿದ್ದಾಗ, ಆದಿವಾಸಿಗಳ ನೆಲವನ್ನು ಕಾಯುವ ಛೋಟಾನಾಗಪುರ ಮತ್ತು ಸಂತಾಲ ಪರಗಣ ಗೇಣಿ ಕಾಯ್ದೆಗಳ ತಿದ್ದುಪಡಿಯನ್ನು ಅವರು ಸಹಿ ಮಾಡದೆ ವಾಪಸ್ಸು ಕಳಿಸಿದರು. ತಂದದ್ದು ಅವರದೇ ಪಕ್ಷದ ಸರ್ಕಾರ. ಬೀದಿಯಲ್ಲಿ ಆದಿವಾಸಿಗಳು ಎದ್ದು ನಿಂತಿದ್ದರು, ಒಳಗೆ ಒಂದು ಲೇಖನಿ ನಿಂತಿತು. ಅದೇ ಲೇಖನಿ ದಿಲ್ಲಿಗೆ ಹೋದ ಮೇಲೆ 2023ರ ಆಗಸ್ಟಿನಲ್ಲಿ ಅರಣ್ಯ ಸಂರಕ್ಷಣಾ ತಿದ್ದುಪಡಿ ಕಾಯ್ದೆಗೆ ಸಹಿ ಹಾಕಿತು. ಮಸೂದೆಯನ್ನು ಒಂದು ಸಲ ವಾಪಸ್ಸು ಕಳಿಸುವ ಅಧಿಕಾರ 111ನೇ ವಿಧಿಯಲ್ಲಿತ್ತು. 1986ರ ಅಂಚೆ ಮಸೂದೆಯನ್ನು ಜೈಲ್ ಸಿಂಗ್ ಸಹಿಯಿಲ್ಲದೆ ಇಟ್ಟುಕೊಂಡೇ ಕುಂತಿದ್ದರಲ್ಲ! ರಾಂಚಿಯಲ್ಲಿ ಆದದ್ದು ದಿಲ್ಲಿಯಲ್ಲಿ ಯಾಕೆ ಆಗಲಿಲ್ಲ? ಮುಂದಿನ ಅಭ್ಯರ್ಥಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ನಿಮ್ಮ ಜಾತಿ ಆಮೇಲೆ ಹೇಳಿ. ಯಾವ ಕಡತ ವಾಪಸ್ಸು ಕಳಿಸುತ್ತೀರಿ, ಅದನ್ನು ಮೊದಲು ಹೇಳಿ.

ಇನ್ನು ಓಟಿನ ಲೆಕ್ಕ. ರಾಷ್ಟ್ರಪತಿಯನ್ನು ಆರಿಸುವವರು ಚುನಾಯಿತ ಸಂಸದರು, ಶಾಸಕರು. 2022ರಲ್ಲಿ ಅವರೆಲ್ಲ ಸೇರಿ 4809 ಮಂದಿ. ಶಾಸಕರ ಓಟಿನ ಬೆಲೆ ಕಟ್ಟುವುದು 1971ರ ಜನಗಣತಿಯಿಂದ. ಆಗ ನಮ್ಮಪ್ಪ ಜೋಲಿಯಲ್ಲಿದ್ದ ಕೂಸು. ಉತ್ತರ ಪ್ರದೇಶದ ಶಾಸಕನ ಬೆಲೆ 208, ಸಿಕ್ಕಿಮಿನವನದು 7, ನಮ್ಮ ಕರ್ನಾಟಕದವರದು 131. ನಮ್ಮ ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲು 36, ಪಂಗಡಕ್ಕೆ 15. ಒಟ್ಟು 51 ಮಂದಿ, 6681 ಓಟು. ಲೋಕಸಭೆಯಲ್ಲಿ ಮೀಸಲು ಸೀಟುಗಳು 84, 47, ಅಂದರೆ 131.

ಈ ಚುನಾವಣೆಯಲ್ಲಿ ಚೀಟಿ ಗುಪ್ತ. ಪಕ್ಷ ವಿಪ್ ಕೊಡುವಂತಿಲ್ಲ. ಬೇರೆ ದಿನ ಕೇಳಿದರೆ "ಏನ್ ಮಾಡೋದಪ್ಪ, ಹೈಕಮಾಂಡು" ಎಂದು ಕೈ ಚೆಲ್ಲುವ ಈ ಶಾಸಕರಿಗೆ ಆ ಒಂದು ದಿನ ಹೈಕಮಾಂಡ್ ಇಲ್ಲ. ಪೂನಾ ಒಪ್ಪಂದ ಆದ 1932ರಿಂದ ನಮ್ಮ ಓಟು ಬೇಡದೆ, ಎಲ್ಲರ ಓಟಿನಲ್ಲಿ ಗೆದ್ದು ಬಂದ ಪ್ರತಿನಿಧಿಗಳ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ. ಕಾನ್ಷಿರಾಂ 1982ರಲ್ಲಿ ಚಮಚಾ ಯುಗ ಎಂದು ಇಡೀ ಪುಸ್ತಕ ಬರೆದದ್ದೂ ಇದರ ಮೇಲೆಯೇ. ಆದರೆ ಗುಪ್ತ ಚೀಟಿಯ ಮುಂದೆ ಯಾವ ಯಜಮಾನ ನಿಂತಿರುತ್ತಾನೆ?

2027ರ ಆ ದಿನಕ್ಕೆ ಮುಂಚೆ ನಮ್ಮ ನಮ್ಮ ಮೀಸಲು ಕ್ಷೇತ್ರದ ಶಾಸಕರ ಮನೆ ಬಾಗಿಲಿಗೆ ಹೋಗೋಣ. ಸಂಘದ ಹುಡುಗರು, ಹಳ್ಳಿ ಮೇಷ್ಟ್ರುಗಳು, ಹಾಸ್ಟೆಲಿನ ವಿದ್ಯಾರ್ಥಿಗಳು ಒಟ್ಟಾಗಿ. ಹಾರ ಬೇಡ, ಮನವಿ ಪತ್ರವೂ ಬೇಡ. "ಅಣ್ಣಾ, ಈ ಸಲ ನಿಮಗೆ ವಿಪ್ ಇಲ್ಲವಂತೆ. ನಿಮ್ಮ 131 ಯಾರಿಗೆ, ಯಾಕೆ?" ಎಂದು ಕೇಳೋಣ. ಒಳಗೆ ಕರೆದು ಟೀ ಕೊಟ್ಟರೆ ಲೋಟ ಯಾವುದು ಎಂದೂ ನೋಡಿಕೊಂಡು ಬರೋಣ.