ಮೊದಲು ನೀರು, ಹೆಸರು ಆಮೇಲೆ

ಶಿವರಾತ್ರಿಗೆ ಮುಂಚಿನ ದಿನಗಳಲ್ಲಿ ಶಿರಾಡಿ ಘಾಟಿ ಇಳಿದು ಗುಂಡ್ಯ, ನೆಲ್ಯಾಡಿ ಹಾದು ಹೋದವರಿಗೆಲ್ಲ ಗೊತ್ತಿರುವ ನೋಟ ಇದು. ಬೆಂಗಳೂರು, ಹಾಸನ ಕಡೆಯಿಂದ ಧರ್ಮಸ್ಥಳಕ್ಕೆ ನಡೆದೇ ಹೊರಟ ಸಾವಿರಾರು ಮಂದಿ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಕೋಲು, ಕೆಲವರ ಕಾಲಿಗೆ ಬಟ್ಟೆ ಪಟ್ಟಿ. ರಸ್ತೆ ಬದಿಯಲ್ಲಿ ಶಾಮಿಯಾನ ಹಾಕಿ ಮಜ್ಜಿಗೆ ಕೊಡುವವರಿದ್ದಾರೆ, ಕಲ್ಲಂಗಡಿ ಹೆಚ್ಚಿ ಕೊಡುವವರಿದ್ದಾರೆ, ರಾತ್ರಿ ಮಲಗಲು ಜಗಲಿ ಬಿಟ್ಟುಕೊಡುವವರಿದ್ದಾರೆ. ಬಂದವರು ಯಾವ ಊರಿನವರು, ಯಾವ ಜನ ಎಂದು ವಿಚಾರಿಸಿ ಲೋಟ ಚಾಚುವ ಪದ್ಧತಿ ಅಲ್ಲಿಲ್ಲ. ನಡೆದು ಬಂದಿದ್ದಾರೆ, ದಣಿದಿದ್ದಾರೆ, ಅಷ್ಟು ಸಾಕು.

ಶಿವರಾತ್ರಿ ಕಳೆದ ಮೇಲೆ ಅದೇ ಚೀಲ ಹೊತ್ತು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಒಳದಾರಿಯಲ್ಲಿ ಸುಮ್ಮನೆ ನಡೆದುಕೊಂಡು ಹೋಗಿ ನೋಡಿ. ಹರಕೆ ಇಲ್ಲ, ದೇವರ ಹೆಸರಿಲ್ಲ, ನಡೆಯುವ ಇಷ್ಟ ಒಂದೇ ಕಾರಣ ಅಂತಿಟ್ಟುಕೊಳ್ಳಿ. ನೀರಿಗಿಂತ ಮೊದಲು ಪ್ರಶ್ನೆ ಬರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಪಾದಯಾತ್ರಿಗಳಿಗೆ ನಾವು ತೋರಿಸುವ ಪ್ರೀತಿಯನ್ನು ದೇವರ ಹೆಸರಿಲ್ಲದ ನಡಿಗೆಯವರಿಗೂ ತೋರಿಸಬೇಕು. ಅದನ್ನು ಒಂದು ಊರಿನ ವ್ಯವಸ್ಥೆಯಾಗಿಯೇ ಮಾಡಬೇಕು.

ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾದ ಮೇಲೆ ನಾನು ಚೀಲ ಬೆನ್ನಿಗೇರಿಸಿದವಳು. ಮನೆ ಗುತ್ತಿಗಾರು ಕಡೆ. ಟರ್ಕಿಯ ದಕ್ಷಿಣ ಕರಾವಳಿಯಲ್ಲಿ ಲಿಸಿಯನ್ ದಾರಿ ಎಂಬ ಕಾಲುದಾರಿ ಉಂಟು. ಫೆತಿಯೆ ಪಟ್ಟಣದ ಹತ್ತಿರ ಹೊರಟು, ಮೆಡಿಟರೇನಿಯನ್ ಸಮುದ್ರವನ್ನು ಬಲಕ್ಕಿಟ್ಟುಕೊಂಡು ಅಂತಾಲ್ಯದ ಕಡೆಗೆ ಸುಮಾರು 540 ಕಿ.ಮೀ. ಹೋಗುತ್ತದೆ. ಅಲ್ಲಿ ನೆಲೆಸಿದ ಕೇಟ್ ಕ್ಲೋ ಎಂಬ ಬ್ರಿಟಿಷ್ ಮಹಿಳೆ ಮೇಕೆ ಮೇಯಿಸುವವರ ಜಾಡು, ರೋಮನ್ನರ ಕಾಲದ ಕಲ್ಲುದಾರಿಗಳನ್ನು ಹುಡುಕಿ ಒಂದಕ್ಕೊಂದು ಜೋಡಿಸಿದರು. ಕಲ್ಲಿನ ಮೇಲೆ, ಮರದ ಮೇಲೆ ಕೆಂಪು-ಬಿಳಿ ಪಟ್ಟಿ ಬಳಿದು 1999ರಲ್ಲಿ ದಾರಿ ತೆರೆದರು. ಅದರಲ್ಲಿ ಸ್ವಲ್ಪ ಭಾಗ ನಾನು ನಡೆದಿದ್ದೇನೆ. ಕಬಾಕ್ ಎಂಬ ಕಣಿವೆ ದಾಟುವಾಗ ನಮ್ಮ ಕಬಕ ಪುತ್ತೂರು ರೈಲು ನಿಲ್ದಾಣದ ಹಳದಿ ಫಲಕ ನೆನಪಾಗಿ ಸಂತೋಷವಾಯಿತು.

ಆ ಕಣಿವೆಯಿಂದ ಮೇಲೆ ಹತ್ತಿದರೆ ಅಲಿಂಜಾ ಎಂಬ ಹಳ್ಳಿ. ನಾನು ಹತ್ತುವಾಗ ಮಳೆ ಹಿಡಿಯಿತು. ಮೊದಲ ಮನೆಯ ಮಾಡಿನಡಿಯಿಂದ ಒಬ್ಬ ಹೆಂಗಸು ಕೈಬೀಸಿ ಕರೆದಳು. ಹೋದ ಕೂಡಲೇ ಒದ್ದೆ ಕೋಟು ಕಳಚಿಸಿ ಒಲೆಯ ಹತ್ತಿರದ ಹಗ್ಗಕ್ಕೆ ಹಾಕಿದಳು. ಕಾಲುಚೀಲವನ್ನೂ ಬಿಡಲಿಲ್ಲ. ತನ್ನ ಅತ್ತೆಯ ಉಣ್ಣೆಯ ಚಪ್ಪಲಿ ತಂದು ನನ್ನ ಕಾಲಬುಡದಲ್ಲಿಟ್ಟಳು. ಅಂಗೈಗೆ ನಿಂಬೆ ಪರಿಮಳದ ಕಲೋನ್ ಹನಿಸಿದಳು. ಮನೆಗೆ ಬಂದವರಿಗೆ ಹಾಗೆ ಕೊಡುವುದು ಅಲ್ಲಿಯ ಕ್ರಮ. ಆಮೇಲೆ ಗಿಡ್ಡ ಕಾಲಿನ ದುಂಡು ಮಣೆಯ ಮುಂದೆ ಕೂತು, ಹೆಬ್ಬೆರಳಿನಷ್ಟೇ ದಪ್ಪದ ಉದ್ದ ಕೋಲಿನಿಂದ ಹಿಟ್ಟು ಲಟ್ಟಿಸತೊಡಗಿದಳು. ಆಚೆ ಬದಿ ಕಾಣುವಷ್ಟು ತೆಳ್ಳಗಾದ ಮೇಲೆ ಹೆಚ್ಚಿದ ಸೊಪ್ಪು, ಪುಡಿ ಮಾಡಿದ ಚೀಸ್ ಉದುರಿಸಿ ಮಡಚಿ, ಕವುಚಿ ಹಾಕಿದ ಕಬ್ಬಿಣದ ಬಾಣಲೆಯ ಬೆನ್ನಿನ ಮೇಲೆ ಬೇಯಿಸಿದಳು. ಅದರ ಜತೆಗೆ ಉಪ್ಪು ಹಾಕಿದ ಮಜ್ಜಿಗೆ. ಆಮೇಲೆ ಒಂದರ ಮೇಲೊಂದು ಇಟ್ಟ ಎರಡು ಕೆಟಲ್‌ಗಳಿಂದ ಕೆಂಪು ಚಹಾ.

ನನ್ನ ಹೆಸರು ಕೇಳಿದ್ದು ಎರಡನೆಯ ಲೋಟ ಚಹಾ ಮುಗಿದ ಮೇಲೆ. ಮೊಬೈಲಿನ ಅನುವಾದದ ಆ್ಯಪ್ ಹಿಡಿದುಕೊಂಡು ಮಾತು ಶುರುವಾಯಿತು. ಮಕ್ಕಳೆಷ್ಟು, ಗಂಡ ಯಾಕೆ ಬರಲಿಲ್ಲ, ಪಿಂಚಣಿ ಎಷ್ಟು ಬರುತ್ತದೆ ಎಂದೆಲ್ಲ ಕೇಳಿದರು. ನಮ್ಮೂರಿನ ಹೆಂಗಸರು ಕೇಳುವುದೂ ಅದನ್ನೇ. ಮೂಲೆಯಲ್ಲಿದ್ದ ಅಜ್ಜ ಭಾರತ ಎಂದು ಕೇಳಿದ್ದೇ ತಡ, ರಾಜ್ ಕಪೂರ್ ಎಂದು ಎದ್ದು ಕೂತರು. 1951ರ ‘ಆವಾರಾ’ ಸಿನಿಮಾ ಟರ್ಕಿಯ ಹಳಬರಿಗೆ ಇಂದಿಗೂ ಬಾಯಿಪಾಠ. ಅತ್ತೆ ಮಾತ್ರ ನೇರವಾಗಿ, ನೀನು ಮುಸ್ಲಿಮಳಾ ಎಂದು ಕೇಳಿದರು. ಅಲ್ಲ ಎಂದೆ. ತಲೆಯಾಡಿಸಿ ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿದರು.

ಆ ರಾತ್ರಿಯ ಊಟಕ್ಕೆ, ಹಾಸಿಗೆಗೆ ಅವರು ದುಡ್ಡು ತೆಗೆದುಕೊಂಡರು. ಚಹಾಕ್ಕೆ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಎಷ್ಟಕ್ಕೆ ಬೆಲೆ ಕಟ್ಟಬೇಕು, ಎಷ್ಟಕ್ಕೆ ಕಟ್ಟಬಾರದು ಎಂಬ ಆ ಗೆರೆ ನನಗೆ ಬಹಳ ಹಿಡಿಸಿತು. ನಡೆದು ಬರುವವರಿಂದ ಅಲ್ಲಿಯ ಎಷ್ಟೋ ಮನೆಗಳಿಗೆ ಸಂಪಾದನೆ ಆಗುತ್ತಿದೆ. ಪ್ರೀತಿ ಅದರಿಂದ ಕಡಿಮೆಯಾದದ್ದನ್ನು ನಾನು ಕಾಣಲಿಲ್ಲ.

ಈಗ ಇದನ್ನೆಲ್ಲ ಹೇಳಿದರೆ ಕೆಲವರು ಮುಖ ಗಂಟಿಕ್ಕುತ್ತಾರೆ. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ ಟರ್ಕಿಯ ಸರಕಾರ ಪಾಕಿಸ್ತಾನದ ಬೆನ್ನಿಗೆ ನಿಂತದ್ದು ನನಗೂ ನೋವು ತಂದಿದೆ. 2023ರ ಫೆಬ್ರವರಿಯಲ್ಲಿ ಅಲ್ಲಿ ಭೂಮಿ ನಡುಗಿದಾಗ ‘ಆಪರೇಷನ್ ದೋಸ್ತ್’ ಎಂದು ಹೆಸರಿಟ್ಟು ನಮ್ಮವರು ಅವಶೇಷಗಳಡಿ ಜನರನ್ನು ಹುಡುಕಿದ್ದರು, ಆಸ್ಪತ್ರೆ ತೆರೆದಿದ್ದರು. ಅಂಕಾರಾದ ರಾಜಕಾರಣದ ಬಗ್ಗೆ ನಮ್ಮ ಸರಕಾರ ಎಷ್ಟು ಗಟ್ಟಿಯಾಗಿ ಮಾತಾಡಿದರೂ ನನ್ನ ಆಕ್ಷೇಪ ಇಲ್ಲ. ಆದರೆ ಮಳೆಯಲ್ಲಿ ಕರೆದು ಕಾಲು ಬೆಚ್ಚಗೆ ಮಾಡಿದ ಹೆಂಗಸಿನ ಋಣವನ್ನು ಆ ಲೆಕ್ಕದಲ್ಲಿ ವಜಾ ಮಾಡಲು ನಾನು ತಯಾರಿಲ್ಲ.

ಆ ಕರಾವಳಿಯನ್ನೂ ನಮ್ಮ ಕರಾವಳಿಯನ್ನೂ ಎರಡನ್ನೂ ಕಂಡು ಬರೆದಿಟ್ಟ ಒಬ್ಬ ಹಳೆಯ ಪ್ರಯಾಣಿಕನಿದ್ದಾನೆ, ಮೊರಾಕ್ಕೊದ ಇಬ್ನ್ ಬತೂತ. 1330ರ ದಶಕದ ಆರಂಭದಲ್ಲಿ ಅವನು ಅಲಾನ್ಯದಲ್ಲಿ ಹಡಗಿಳಿದು ಅಂತಾಲ್ಯಕ್ಕೆ ಬಂದ. ಹಳೆ ಬಟ್ಟೆ ತೊಟ್ಟ ಒಬ್ಬ ಚಮ್ಮಾರ ಊಟಕ್ಕೆ ಕರೆದ. ಪಾಪ, ಬಡವ, ಇವನಿಗೆ ಯಾಕೆ ಹೊರೆ ಎಂದು ಬತೂತ ಹಿಂಜರಿದರೆ ಜತೆಯವರು ನಕ್ಕರು. ಆ ಚಮ್ಮಾರ ಅಖಿ ಎಂಬ ಕಸುಬುದಾರರ ಕೂಟದ ಮುಖಂಡ. ಬೇರೆ ಬೇರೆ ಕಸುಬಿನ ಸುಮಾರು 200 ಮಂದಿ ಅವನ ಜತೆಗಿದ್ದರು. ಪ್ರಯಾಣಿಕರಿಗೆಂದೇ ಛತ್ರ ಕಟ್ಟಿಸಿಕೊಂಡು, ಹಗಲು ದುಡಿದದ್ದನ್ನು ಸಂಜೆ ಬಂದವರ ಊಟಕ್ಕೆ ಹಾಕುತ್ತಿದ್ದರು. ಮುಂದೆ ಡೆನಿಜ್ಲಿಯಲ್ಲಿ ಎರಡು ಗುಂಪಿನವರು ಅವನ ಕುದುರೆಯ ಲಗಾಮು ಹಿಡಿದು ಜಗಳಕ್ಕೇ ಬಿದ್ದರು, ಚೂರಿ ಹಿರಿದರು. ದರೋಡೆಕೋರರೆಂದು ಇವನು ಹೆದರಿದ. ನೋಡಿದರೆ ಅತಿಥಿ ಮೊದಲು ಯಾರಲ್ಲಿಗೆ ಹೋಗಬೇಕೆಂಬ ಜಗಳ ಅದು. ಚೀಟಿ ಎತ್ತಿ ತೀರ್ಮಾನಿಸಿದರಂತೆ.

ಹತ್ತು ವರ್ಷ ಕಳೆದು, 1340ರ ದಶಕದಲ್ಲಿ, ಅದೇ ಮನುಷ್ಯ ಹೊನ್ನಾವರ, ಬಾರಕೂರು, ಮಂಗಳೂರು ಹಾದು ಹೋದ. ಗೋವೆಯಿಂದ ಕೊಲ್ಲಂ ತನಕದ ಕರಿಮೆಣಸಿನ ಕರಾವಳಿಯನ್ನು ಅವನು ಹೊಗಳಿದ್ದು ದಾರಿಯ ಏರ್ಪಾಟಿಗಾಗಿ. ಅರ್ಧ ಮೈಲಿಗೊಂದು ಮರದ ಮಂಟಪ, ಕೂರಲು ಜಗಲಿ, ಪಕ್ಕದಲ್ಲೊಂದು ಬಾವಿ, ನೀರು ಸೇದಿ ಕೊಡಲು ಒಬ್ಬ ಮನುಷ್ಯ. ಯಾವ ಮತದವರಾದರೂ ಅಲ್ಲಿ ಕೂರಬಹುದಿತ್ತು. ಆದರೆ ನೀರು ಕೊಡುವಾಗ ಹಿಂದೂವಿಗೆ ಪಾತ್ರೆಯಲ್ಲಿ, ಮುಸ್ಲಿಮನಿಗೆ ಬೊಗಸೆಗೆ. ಮನೆಯೊಳಗೆ ಬಿಡುತ್ತಿರಲಿಲ್ಲ, ಉಂಡ ಪಾತ್ರೆಯನ್ನು ಒಡೆಯುತ್ತಿದ್ದರು ಅಥವಾ ಕೊಟ್ಟುಬಿಡುತ್ತಿದ್ದರು ಎಂದೂ ಬರೆದಿದ್ದಾನೆ.

ಈ ಎರಡೂ ನಮ್ಮದೇ. ನಡೆಯುವವರಿಗೆ ಅರ್ಧ ಮೈಲಿಗೊಂದು ಬಾವಿ ಇಟ್ಟವರೂ ನಾವೇ, ಲೋಟದ ಬದಲು ಬೊಗಸೆ ತೋರಿಸಿದವರೂ ನಾವೇ. ನನ್ನ ಅಜ್ಜಿಯ ಮನೆಯಲ್ಲಿ ನೆಂಟರಿಗೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಇಡುತ್ತಿದ್ದರು. ಅದೇ ಅಂಗಳದ ಕೆಳಗೆ ನಿಂತ ಕೆಲಸದವರಿಗೆ ಗೆರಟೆಗೆ ಎತ್ತರದಿಂದ ಹೊಯ್ಯುತ್ತಿದ್ದರು. ಪುತ್ತೂರನ್ನು ಮನೆ ಮಾಡಿಕೊಂಡಿದ್ದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದದ್ದು ಇಂಥ ಅಂಗಳಗಳನ್ನು ಕಣ್ಣಾರೆ ಕಂಡೇ. ಗೆರಟೆ ಈಗ ಹೋಗಿದೆ. ಲೋಟ ಕೊಡುವ ಮುಂಚೆ ಅಳೆದು ನೋಡುವ ಕಣ್ಣು ಹೋಗಿಲ್ಲ.

ಬ್ಯಾಂಕಿನಲ್ಲಿ ನನ್ನ ಜತೆಗಿದ್ದ ಗೆಳತಿಯೊಬ್ಬಳಿದ್ದಾಳೆ, ಮುಸ್ಲಿಂ ಹೆಣ್ಣುಮಗಳು, ತಲೆಗೆ ಸ್ಕಾರ್ಫ್ ಕಟ್ಟುವವಳು. ಒಂದು ಚಳಿಗಾಲದಲ್ಲಿ ನಾವಿಬ್ಬರೂ ಪಂಜದಿಂದ ಸುಬ್ರಹ್ಮಣ್ಯದ ಕಡೆಗೆ ನಡೆದೆವು. “ಈ ಬಿಸಿಲಿಗೆ ಎಲ್ಲಿಗೆ ಅಕ್ಕ ನಡ್ಕೊಂಡು, ಬಸ್ಸು ಸಿಗ್ಲಿಲ್ವಾ? ಬನ್ನಿ, ಆಸರಿಗೆ ಕುಡಿದು ಹೋಗಿ” ಎಂದು ಒಂದು ಮನೆಯಲ್ಲಿ ಇಬ್ಬರಿಗೂ ಪುನರ್ಪುಳಿ ಶರಬತ್ತು ಕೊಟ್ಟರು. ಅಡಿಕೆ ಸುಲಿಯುತ್ತಿದ್ದ ಹೆಂಗಸರು ಸರಿದು ನಮಗೆ ಜಾಗ ಮಾಡಿದರು. ಅಲ್ಲಿಂದ ಸ್ವಲ್ಪ ಮುಂದೆ ಹೋದಾಗ ಬೈಕಿನಲ್ಲಿ ಬಂದ ಹುಡುಗರು ಅಡ್ಡ ನಿಲ್ಲಿಸಿದರು. ನಿಮ್ಮ ಹೆಸರೇನು, ಇವರ ಹೆಸರೇನು, ಇಬ್ಬರೂ ಒಟ್ಟಿಗೆ ಯಾಕೆ, ಚೀಲದಲ್ಲಿ ಏನುಂಟು. ನಾವು ಅವರ ಅಮ್ಮಂದಿರ ಪ್ರಾಯದವರು. ಗೆಳತಿ ನನ್ನ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು. ಆಮೇಲೆ ಅವಳು ನನ್ನ ಜತೆ ನಡೆಯಲು ಬಂದಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ.

ಇಂಥ ಅನುಮಾನಕ್ಕೆ ಹಿನ್ನೆಲೆಯೂ ಉಂಟು. 2022ರ ಜುಲೈಯಲ್ಲಿ ಕಳಂಜದಲ್ಲಿ ಹಲ್ಲೆಗೊಳಗಾದ ಒಬ್ಬ ಯುವಕ ಸತ್ತ, ಅದಾಗಿ ಕೆಲವೇ ದಿನಕ್ಕೆ ಬೆಳ್ಳಾರೆಯಲ್ಲಿ ಇನ್ನೊಬ್ಬ ಯುವಕನನ್ನು ಕೊಂದರು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ನಿಷೇಧಾಜ್ಞೆ ಬಂತು, ಪೇಟೆಗಳು ಬಾಗಿಲು ಹಾಕಿದವು. ಎರಡು ಮನೆಗಳ ತಾಯಂದಿರು ಅನುಭವಿಸಿದ್ದನ್ನು ಬರೆಯಲು ನನ್ನಲ್ಲಿ ಮಾತಿಲ್ಲ. ಅಪರಿಚಿತರನ್ನು ಕಂಡರೆ ಹೆದರುವ ಅಭ್ಯಾಸ ಆ ಬಳಿಕ ಇನ್ನೂ ಬಲವಾಯಿತು, ಅದು ನನಗೆ ಅರ್ಥವಾಗುತ್ತದೆ. ಆದರೆ ಇದೇ ಜನ 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಏನು ಮಾಡಿದರೆಂಬುದನ್ನೂ ನಾನು ಕಂಡಿದ್ದೇನೆ. ಘಟ್ಟದಿಂದ ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಕಡೆ ಅಕ್ಕಿ, ಚಾಪೆ, ಬಟ್ಟೆ ಹೊತ್ತು ತಂದರು. ಬಂದವರ ಮತ ಯಾವುದೆಂದು ಅಂದು ಕೇಳಿದವರನ್ನು ನಾನು ನೋಡಲಿಲ್ಲ. ಆದ್ದರಿಂದ ನಮ್ಮಲ್ಲಿ ಆ ಗುಣವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಗುಡ್ಡ ಜರಿಯುವ ತನಕ, ಶಿವರಾತ್ರಿ ಬರುವ ತನಕ ಅದು ಕಾಯಬೇಕಾಗಿಲ್ಲ.

ನಡೆಯಲು ಬೇಕಾದ್ದೆಲ್ಲ ಇಲ್ಲಿ ಉಂಟು. ತೋಟದ ಬದಿಯ ಕಾಲುದಾರಿಗಳಿವೆ, ಅಡಿಕೆಮರದ ಸಂಕಗಳಿವೆ. ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಕಟ್ಟಿದ ತೂಗುಸೇತುವೆ ಕಾಲ್ನಡಿಗೆಯವರಿಗಾಗಿಯೇ ಕಟ್ಟಿದ್ದು. ಅಲ್ಲಿಂದ ಶುರುವಾಗಿ ದೇಶದ ಬೇರೆ ಬೇರೆ ಕಡೆ ಅವರು ಕಟ್ಟಿದ ತೂಗುಸೇತುವೆಗಳು ನೂರು ದಾಟಿದವು. 2017ರಲ್ಲಿ ಪದ್ಮಶ್ರೀ ಬಂತು. ಕುಮಾರ ಪರ್ವತ ಹತ್ತುವವರಿಗೆ ಗಿರಿಗದ್ದೆಯ ಭಟ್ಟರ ಮನೆ ದಶಕಗಳ ಕಾಲ ಅನ್ನ-ಸಾಂಬಾರು-ಮಜ್ಜಿಗೆ ಬಡಿಸಿದೆ. ಲಿಸಿಯನ್ ದಾರಿಗೆ ಗುರುತು ಹಾಕುವ ಎಷ್ಟೋ ಮೊದಲೇ ನಮ್ಮಲ್ಲಿ ಅಂಥ ಮನೆ ಇತ್ತು. ಆದರೆ ಆ ಒಂದೇ ಬೆಟ್ಟಕ್ಕೆ ಎಲ್ಲರೂ ನುಗ್ಗಿದರು. 2024ರ ಜನವರಿಯಲ್ಲಿ ಜನಜಂಗುಳಿಯಿಂದ ಕಾಡಿನ ದಾರಿ ಕಟ್ಟಿಹೋದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮಾಡಿ, ದಿನಕ್ಕೆ ಇಂತಿಷ್ಟೇ ಮಂದಿ ಎಂದು ಮಿತಿ ಹಾಕಿತು. ಕಾಡಿನ ಮಟ್ಟಿಗೆ ಅದು ಸರಿಯಾದ ಕ್ರಮವೇ. ಆದರೆ ಬೆಟ್ಟದ ಕೆಳಗಿನ ಊರುಗಳಲ್ಲಿ ನಡೆಯಲು ಯಾರ ಬುಕಿಂಗೂ ಬೇಡ, ಪ್ರಾಣಿಗಳಿಗೆ ತೊಂದರೆಯೂ ಇಲ್ಲ. ಅತ್ತ ಕಡೆ ಮಾತ್ರ ಯಾರೂ ನೋಡುತ್ತಿಲ್ಲ.

ಸಂಪಾಜೆ, ಅರಂತೋಡು, ಮರ್ಕಂಜದ ತೋಟಗಳಲ್ಲಿ ಹಳದಿ ರೋಗ ಅಡಿಕೆಯನ್ನು ತಿಂದು ಹಾಕಿದೆ. ಸೋಗೆ ಹಳದಿಯಾಗಿ, ಕಾಯಿ ಉದುರಿ, ಎರಡು ತಲೆಮಾರು ಬದುಕಿದ ತೋಟಗಳು ಬರಿದಾಗಿವೆ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ. ನಾಲ್ಕು ಕೋಣೆಯ ಮನೆಯಲ್ಲಿ ಇಬ್ಬರು ವಯಸ್ಸಾದವರು. ನಡೆದು ಬಂದ ಇಬ್ಬರಿಗೆ ಒಂದು ಕೋಣೆ, ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು, ಬೆಳಿಗ್ಗೆ ನೀರುದೋಸೆ ಕೊಟ್ಟು ನ್ಯಾಯವಾದ ದುಡ್ಡು ತೆಗೆದುಕೊಂಡರೆ ಆ ಮನೆಗೂ ಆಧಾರ, ಮಾತಿಗೂ ಜನ. ದೊಡ್ಡ ರೆಸಾರ್ಟು, ಜೀಪ್ ಸವಾರಿ ಬಂದರೆ ಆ ದುಡ್ಡು ಈ ಅಂಗಳಗಳಿಗೆ ಬರುವುದಿಲ್ಲ.

ನಾನು ಕೇಳುತ್ತಿರುವುದು ಒಂದೇ ದಾರಿ. ಪುತ್ತೂರಿನ ಬಾಲವನದಲ್ಲಿ ಹೊರಟು ಸವಣೂರು, ಕಾಣಿಯೂರು, ಪಂಜದ ಒಳದಾರಿಗಳಲ್ಲಿ ಕುಮಾರಧಾರೆಯ ಆಸುಪಾಸಿನಲ್ಲೇ ಸುಬ್ರಹ್ಮಣ್ಯ ಮುಟ್ಟುವಂಥದ್ದು. ಆಮೇಲೆ ಗುತ್ತಿಗಾರು ಮೇಲಾಗಿ ಸುಳ್ಯಕ್ಕೆ, ಅರಂಬೂರಿನ ತೂಗುಸೇತುವೆಗೆ ಒಂದು ಕವಲು. ಪಂಚಾಯತ್‌ಗಳು ಕಲ್ಲಿಗೆ ಬಣ್ಣ ಬಳಿಯಲಿ. ದಾರಿಯಲ್ಲಿರುವ ತೋಟದವರ ಒಪ್ಪಿಗೆ ಮೊದಲೇ ಪಡೆಯಲಿ, ಗೇಟು ಹಾಕಿಕೊಂಡು ಹೋಗುವುದು, ಬಿದ್ದ ಅಡಿಕೆ ಮುಟ್ಟದಿರುವುದು, ಪ್ಲಾಸ್ಟಿಕ್ ಎಸೆಯದಿರುವುದು ನಡೆಯುವವರ ಜವಾಬ್ದಾರಿ. ಕೋಣೆ ಕೊಡಲು ಮನಸ್ಸುಳ್ಳ ಮನೆಗಳ ಪಟ್ಟಿಯನ್ನು ಸ್ತ್ರೀಶಕ್ತಿ ಸಂಘಗಳು ಇಟ್ಟುಕೊಳ್ಳಲಿ. ಆ ಪಟ್ಟಿಗೆ ಸೇರಲು ಒಂದೇ ಷರತ್ತು: ಬಂದವರ ಜಾತಿ, ಮತ ಕೇಳಿ ಇಲ್ಲ ಎನ್ನುವಂತಿಲ್ಲ. ದಾರಿಯಲ್ಲಿ ಯಾರನ್ನಾದರೂ ತಡೆದು ಹೆಸರು ಕೇಳಿದರೆ ಕರೆ ಮಾಡಲು ಠಾಣೆಯ ನಂಬರನ್ನು ಅದೇ ಫಲಕದಲ್ಲಿ ಬರೆಯಲಿ, ಮತ್ತು ಕರೆ ಬಂದಾಗ ಪೊಲೀಸರು ಬರಲಿ.

ಮುಂದಿನ ಗ್ರಾಮಸಭೆಯಲ್ಲಿ ಈ ಅರ್ಜಿ ಕೊಡುತ್ತೇನೆ. ನಮ್ಮ ಮನೆಯ ಹೆಸರನ್ನು ಪಟ್ಟಿಯ ಮೊದಲಿಗೆ ಬರೆದಿದ್ದೇನೆ. ಗೆಳತಿಯೂ ತನ್ನ ಮನೆಯ ಹೆಸರು ಬರೆಯಲು ಹೇಳಿದ್ದಾಳೆ.