ಅಡಿಟಿಪ್ಪಣಿಯಿಂದ ಹೊರಟ ಸಾಗರ

ಈ ವಾರದ ಮಾತನ್ನು ಒಂದು ತಪ್ಪೊಪ್ಪಿಗೆಯೊಡನೆ ಆರಂಭಿಸಬೇಕಾಗಿದೆ, ವಾಚಕರು ಕ್ಷಮಿಸಬೇಕು.

ಅಧ್ಯಾಪಕನಾದವನಿಗೆ ಕೆಂಪು ಮಸಿಯ ಲೇಖನಿಯೇ ಆಯುಧ. ಅದು ಕೈಯಲ್ಲಿದ್ದಾಗ ಕಣ್ಣಿಗೆ ತಪ್ಪುಗಳಲ್ಲದೆ ಬೇರೊಂದು ಕಾಣುವುದಿಲ್ಲ. ಕಳೆದ ತಿಂಗಳು ನಮ್ಮ ಬಿ.ಎ. ತರಗತಿಯ ಹುಡುಗನೊಬ್ಬನು ‘ಶ್ರುತಿ’, ‘ಸ್ಮೃತಿ’ ಎಂಬ ಶಬ್ದಗಳ ಅರ್ಥವಿಸ್ತಾರವನ್ನು ಕುರಿತು ಪ್ರಬಂಧ ಬರೆದು ತಂದನು. ಅದರಲ್ಲಿ ಅರ್ಧ ಪುಟವನ್ನು ಇಂಗ್ಲೆಂಡಿನ ಯಾವುದೋ ರಾಕ್ ಸಂಗೀತದ ತಂಡಕ್ಕೆ ಮೀಸಲಿಟ್ಟಿದ್ದನು. ನಾನು ಆ ಅರ್ಧ ಪುಟದ ಮೇಲೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ‘ವಿಷಯಾಂತರ, ಹಾಸ್ಯಾಸ್ಪದ’ ಎಂದು ಬರೆದೆನು. ಅಷ್ಟಕ್ಕೆ ನಿಲ್ಲಿಸಿದ್ದರೆ ಪಾಪ ಸಣ್ಣದಾಗಿರುತ್ತಿತ್ತು. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆನು. ಹುಡುಗನು ಮಾತ್ರ ನಗಲಿಲ್ಲ. ಗಂಟೆ ಬಾರಿಸಿದ ಮೇಲೆ ಬಳಿಗೆ ಬಂದು, “ಸಾರ್, ತಾವು ಅದನ್ನು ಕೇಳಿದ್ದೀರಾ?” ಎಂದನು.

ನಾನು ಕೇಳಿರಲಿಲ್ಲ. ಕೇಳದೆಯೇ ತೀರ್ಪು ಕೊಟ್ಟಿದ್ದೆ. ಶ್ರುತಿ ಎಂದರೆ ‘ಕೇಳಲ್ಪಟ್ಟದ್ದು’ ಎಂದು ವರ್ಷವರ್ಷವೂ ಪಾಠ ಹೇಳುವ ನನಗೆ ಆ ಪ್ರಶ್ನೆ ಎಷ್ಟು ಚುಚ್ಚಿರಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಅಂದಿನಿಂದ ಮೂರು ವಾರ, ರಾತ್ರಿ ಊಟವಾದ ಮೇಲೆ, ಮನೆಯವರ ನಿದ್ರೆಗೆ ಭಂಗ ಬಾರದಂತೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತೆನು. ಹುಡುಗನು ಬರೆದುಕೊಟ್ಟ ಪಟ್ಟಿಯಲ್ಲಿದ್ದುವೆಲ್ಲ ‘ಪ್ರೊಗ್ರೆಸಿವ್ ರಾಕ್’ ಎಂಬ ಪಂಥದ, ಅದರಲ್ಲಿಯೂ ಅತ್ಯಂತ ಸಾಹಸದ ಧ್ವನಿಮುದ್ರಿಕೆಗಳು.

ಈ ಪಂಥದ ಹುಟ್ಟನ್ನು ತಿಳಿಯಬೇಕಾದರೆ ಮೊದಲು ತಟ್ಟೆಯ ವಿಚಾರ ತಿಳಿಯಬೇಕು. ಹಳೆಯ ಗ್ರಾಮೊಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಮೂರು ನಾಲ್ಕು ನಿಮಿಷಗಳ ಹಾಡಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಜನಪ್ರಿಯ ಗೀತೆಯು ಮೂರು ನಿಮಿಷದ ಅಳತೆಗೆ ಕತ್ತರಿಸಲ್ಪಟ್ಟದ್ದು ಹೀಗೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯವರು ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುವ ‘ಲಾಂಗ್ ಪ್ಲೇ’ ತಟ್ಟೆಯನ್ನು ತಂದರು. ಒಂದು ಬದಿಗೆ ಇಪ್ಪತ್ತು ನಿಮಿಷಗಳಿಗೂ ಮೀರಿ ಅವಕಾಶವಾಯಿತು. ಆದರೂ ರಾಕ್ ಗಾಯಕರು ಬಹುಕಾಲ ಅದರಲ್ಲಿ ಸಣ್ಣ ಸಣ್ಣ ಹಾಡುಗಳನ್ನೇ ಸಾಲಾಗಿ ಜೋಡಿಸಿದರು. ಹತ್ತು ಅಂಕಣದ ಮನೆ ಕಟ್ಟಿಸಿಕೊಂಡು ಒಂದೇ ಕೋಣೆಯಲ್ಲಿ ಸಂಸಾರ ಮಾಡಿದಂತೆ! ಆ ಮನೆಯನ್ನು ಪೂರ್ತಿಯಾಗಿ ಬಳಸಲು ಧೈರ್ಯ ಮಾಡಿದವರೇ ಈ ಪಂಥದವರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಭಾವಗೀತೆಯನ್ನು ಬಿಟ್ಟು ಖಂಡಕಾವ್ಯಕ್ಕೆ ಕೈಹಾಕಿದರು.

1969ರ ಅಕ್ಟೋಬರಿನಲ್ಲಿ ‘ಕಿಂಗ್ ಕ್ರಿಮ್ಸನ್’ ಎಂಬ ಲಂಡನ್ನಿನ ತಂಡ ತನ್ನ ಮೊದಲ ತಟ್ಟೆ ‘ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್’ ಅನ್ನು ಹೊರತಂದಿತು. ರಾಬರ್ಟ್ ಫ್ರಿಪ್ಪನ ಗಿಟಾರು, ಇಯಾನ್ ಮ್ಯಾಕ್‌ಡೊನಾಲ್ಡನ ಕೊಳಲು, ಸ್ಯಾಕ್ಸೊಫೋನುಗಳ ಜೊತೆಗೆ ಅದರಲ್ಲಿ ಮೆಲೋಟ್ರಾನ್ ಎಂಬ ವಿಚಿತ್ರ ವಾದ್ಯವಿದೆ. ಅದರ ಒಂದೊಂದು ಮನೆಯ ಕೆಳಗೂ ಒಂದೊಂದು ಮುದ್ರಿತ ಪಟ್ಟಿ. ಒತ್ತಿದರೆ ಪಿಟೀಲು ವೃಂದದ ನಾದ ಹೊರಡುವುದು. ಆದರೆ ಸುಮಾರು ಎಂಟು ಸೆಕೆಂಡುಗಳಲ್ಲಿ ಪಟ್ಟಿ ಮುಗಿದು ನಾದ ಕಡಿದುಹೋಗುವುದು. ಉಸಿರು ಕಟ್ಟುವ ಆ ವಾದ್ಯದಿಂದಲೇ ಅವರು ರಾಜಸಭೆಯ ಗಾಂಭೀರ್ಯವನ್ನು ತಂದರು. ತಟ್ಟೆಯ ಹೊದಿಕೆಯ ಮೇಲೆ ಬಾಯಿ ತೆರೆದು ಚೀರುವ ಮುಖವೊಂದಿದೆ. ಅದನ್ನು ಬರೆದ ಬ್ಯಾರಿ ಗಾಡ್‌ಬರ್ ವೃತ್ತಿಯಲ್ಲಿ ಕಂಪ್ಯೂಟರ್ ಕೆಲಸಗಾರ. ಮರುವರ್ಷವೇ, ಇನ್ನೂ ಇಪ್ಪತ್ತನಾಲ್ಕರ ಹರೆಯದಲ್ಲಿ, ತೀರಿಕೊಂಡನು. ಆ ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು.

ಫ್ರಾನ್ಸಿನ ‘ಮಾಗ್ಮಾ’ ತಂಡದ ಕ್ರಿಶ್ಚಿಯನ್ ವಾಂಡರ್ ಎಂಬ ಮದ್ದಳೆಗಾರನ ಸಾಹಸ ಬೇರೆಯ ಬಗೆಯದು. ಅವನು ತನ್ನ ಹಾಡುಗಳಿಗಾಗಿ ‘ಕೊಬಾಯಾ’ ಎಂಬ ಕಲ್ಪಿತ ಗ್ರಹವನ್ನೂ ಅದಕ್ಕೊಂದು ಭಾಷೆಯನ್ನೂ ಸೃಷ್ಟಿಸಿದನು. 1973ರ ಅವರ ಮುಖ್ಯ ಕೃತಿ ಆ ಭಾಷೆಯಲ್ಲಿಯೇ ಇದೆ. ಇದೇನು ಹುಚ್ಚು ಎನ್ನುವ ಮುನ್ನ ನಮ್ಮ ಆಂಡಯ್ಯನನ್ನು ನೆನೆಯಬೇಕು. ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ಕಾವ್ಯ ಕಟ್ಟುವೆನೆಂದು ‘ಕಬ್ಬಿಗರ ಕಾವ’ಕ್ಕೆ ಹೊರಟಾಗ ಅವನ ಕಾಲದವರೂ ಹುಬ್ಬೇರಿಸಿರಬೇಕು. ತನಗೆ ತಾನೇ ಹಾಕಿಕೊಂಡ ಬೇಲಿಯೊಳಗೆ ಹೊಸ ಬೆಳೆ ತೆಗೆಯುವುದು ಕವಿಗಳ ಹಳೆಯ ಹಟ.

ಅದೇ 1973ರ ಮೇ ತಿಂಗಳಲ್ಲಿ ಮೈಕ್ ಓಲ್ಡ್‌ಫೀಲ್ಡ್ ಎಂಬ ಇಪ್ಪತ್ತರ ಯುವಕನ ‘ಟ್ಯೂಬ್ಯುಲರ್ ಬೆಲ್ಸ್’ ಬಂದಿತು. ಎರಡು ಬದಿಗೆ ಎರಡೇ ಕೃತಿಗಳು. ಹೆಚ್ಚುಕಡಿಮೆ ಎಲ್ಲ ವಾದ್ಯಗಳನ್ನೂ ಅವನೊಬ್ಬನೇ ಒಂದರ ಮೇಲೊಂದು ಮುದ್ರಿಸಿ ನುಡಿಸಿದ್ದಾನೆ. ಆಗತಾನೆ ಹುಟ್ಟಿದ ವರ್ಜಿನ್ ಕಂಪನಿಯ ಮೊದಲ ತಟ್ಟೆ ಅದು. ಬಹುಮಟ್ಟಿಗೆ ಮಾತಿಲ್ಲದ ಆ ಸಂಗೀತ ಕಂಪನಿಯ ಅದೃಷ್ಟವನ್ನೇ ತೆರೆಯಿತು. ಸಾಹಸವೆಲ್ಲವೂ ನಷ್ಟದ ಬಾಬತ್ತೇ ಅಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ನನ್ನ ವಿದ್ಯಾರ್ಥಿಯ ಅರ್ಧ ಪುಟಕ್ಕೆ ಬರುವೆನು. ಅದರ ವಿಷಯ ‘ಯೆಸ್’ ಎಂಬ ತಂಡ. 1972ರಲ್ಲಿ ಅವರು ‘ಕ್ಲೋಸ್ ಟು ದಿ ಎಡ್ಜ್’ ಎಂಬ, ಒಂದು ಬದಿಯನ್ನು ಪೂರ್ತಿ ಆವರಿಸುವ ಕೃತಿಯನ್ನು ಹಾಡಿ ಯಶಸ್ಸು ಪಡೆದಿದ್ದರು. ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿ ಅದಕ್ಕೆ ಪ್ರೇರಣೆ. ಅದು ಮುಗಿದೊಡನೆ ಮದ್ದಳೆಗಾರ ಬಿಲ್ ಬ್ರೂಫರ್ಡ್ ತಂಡವನ್ನು ಬಿಟ್ಟು ಕಿಂಗ್ ಕ್ರಿಮ್ಸನ್ನನ್ನು ಸೇರಿದನು. 1973ರ ಮಾರ್ಚಿಯಲ್ಲಿ ನಡೆದ ಅವನ ಮದುವೆಯಲ್ಲಿ, ಕ್ರಿಮ್ಸನ್ ತಂಡದ ಜೇಮೀ ಮ್ಯೂರ್ ಎಂಬಾತನು ಯೆಸ್ ತಂಡದ ಗಾಯಕ ಜಾನ್ ಆಂಡರ್‌ಸನ್ನನಿಗೆ ಒಂದು ಪುಸ್ತಕವನ್ನು ಓದಲು ಹೇಳಿದನು. ಅದು ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’. ಹೇಳಿದ ಮ್ಯೂರನು ಅದೇ ವರ್ಷ ಸಂಗೀತವನ್ನೇ ತೊರೆದು ಸ್ಕಾಟ್ಲೆಂಡಿನ ಬೌದ್ಧ ಮಠವೊಂದನ್ನು ಸೇರಿದನೆಂಬುದು ಬೇರೆ ಕಥೆ.

ಆ ಪುಸ್ತಕ ನಮಗೆ ದೂರದ್ದಲ್ಲ. 1946ರಲ್ಲಿ ಪ್ರಕಟವಾದ ಅದರಲ್ಲಿ, 1935ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಆಹ್ವಾನದ ಮೇಲೆ ಯೋಗಾನಂದರು ನಮ್ಮ ನಾಡಿಗೆ ಬಂದ ವೃತ್ತಾಂತವೂ ಇದೆ. ಆ ಯುವರಾಜರ ಪುತ್ರ ಜಯಚಾಮರಾಜ ಒಡೆಯರೇ ಮುಂದೆ ರಷ್ಯದ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಧನವಿತ್ತವರು. ಪರಕೀಯರ ಸಂಗೀತಕ್ಕೆ ಕಿವಿಗೊಟ್ಟ ದೊರೆಯ ನಾಡಿನಲ್ಲಿದ್ದುಕೊಂಡು ನಾನು ಕೆಂಪು ಗೆರೆ ಎಳೆದಿದ್ದೆ!

ಆಂಡರ್‌ಸನ್ನನು ಜಪಾನಿನ ಪ್ರವಾಸದಲ್ಲಿ, ಟೋಕಿಯೋ ನಗರದ ಹೋಟೆಲಿನಲ್ಲಿ ಪುಸ್ತಕವನ್ನು ಓದುತ್ತ 83ನೆಯ ಪುಟದ ಅಡಿಟಿಪ್ಪಣಿಯೊಂದರಲ್ಲಿ ನಿಂತನು. ಶಾಸ್ತ್ರಗಳು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕು ಬಗೆ, ಬಾಳಿನ ಎಲ್ಲ ಮುಖಗಳೂ ಅವುಗಳಲ್ಲಿ ಅಡಕವೆಂದು ಅಲ್ಲಿ ಹೇಳಿದೆ. ನಾವಾದರೆ ಅಡಿಟಿಪ್ಪಣಿಯನ್ನು ಪರೀಕ್ಷೆಗೆ ಬೇಡವೆಂದು ದಾಟಿಹೋಗುತ್ತೇವೆ. ಅವನು ಅದನ್ನೇ ಹಿಡಿದು, ನಾಲ್ಕು ಬದಿಗೆ ನಾಲ್ಕು ಕೃತಿಗಳಂತೆ ಎಂಬತ್ತು ನಿಮಿಷಗಳ ಜೋಡಿ ತಟ್ಟೆಯನ್ನು ಕಲ್ಪಿಸಿಕೊಂಡನು. ಪ್ರವಾಸದ ಹೋಟೆಲು ಕೋಣೆಗಳಲ್ಲಿ ಮೇಣದ ಬತ್ತಿ ಹಚ್ಚಿಟ್ಟುಕೊಂಡು ಗಿಟಾರುಗಾರ ಸ್ಟೀವ್ ಹೋ ಜೊತೆಗೆ ಅದನ್ನು ಹೆಣೆದನು. ‘ಟೇಲ್ಸ್ ಫ್ರಂ ಟೋಪೋಗ್ರಾಫಿಕ್ ಓಶನ್ಸ್’ ಎಂದು ಅದಕ್ಕೆ ಹೆಸರಾಯಿತು.

ಮುದ್ರಣ ನಡೆದದ್ದು ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ. ತಂಡದಲ್ಲಿ ಕೆಲವರಿಗೆ ಹಳ್ಳಿಯ ಏಕಾಂತ ಬೇಕು, ಕೆಲವರಿಗೆ ನಗರವೇ ಬೇಕು. ಕೊನೆಗೆ ಸ್ಟುಡಿಯೋದಲ್ಲಿಯೇ ಹುಲ್ಲಿನ ಹೊರೆಗಳನ್ನು ಒಟ್ಟಿ, ರಟ್ಟಿನ ಹಸುವೊಂದನ್ನು ನಿಲ್ಲಿಸಿ ರಾಜಿಯಾಯಿತಂತೆ. 1973ರ ಡಿಸೆಂಬರಿನಲ್ಲಿ ತಟ್ಟೆ ಹೊರಬಂದಿತು. ಮುಂಗಡ ಬೇಡಿಕೆಯಿಂದಲೇ ಇಂಗ್ಲೆಂಡಿನಲ್ಲಿ ಚಿನ್ನದ ತಟ್ಟೆಯ ಗೌರವ ದೊರಕಿತು; ಮಾರಾಟದ ಪಟ್ಟಿಯ ಮೊದಲ ಸ್ಥಾನವೂ ಸಿಕ್ಕಿತು. ಆದರೆ ವಿಮರ್ಶಕರಲ್ಲಿ ಅನೇಕರು ಮುಗಿಬಿದ್ದರು. ಉದ್ದ ಹೆಚ್ಚು, ಹುರುಳು ಕಡಮೆ, ಆಡಂಬರ ಅತಿಯಾಯಿತು ಎಂಬುದು ದೂರು. ತಂಡದ ಕೀಲಿಮಣೆ ವಾದಕ ರಿಕ್ ವೇಕ್‌ಮನ್ ಕೂಡ ಅದೇ ಪಕ್ಷ. ಒಂದು ತಟ್ಟೆಗೆ ಹೆಚ್ಚಾಗಿ ಎರಡಕ್ಕೆ ಸಾಲದ ಸರಕನ್ನು ಹಿಗ್ಗಿಸಿದೆವೆಂಬುದು ಅವನ ಅಭಿಪ್ರಾಯ. ಮ್ಯಾಂಚೆಸ್ಟರಿನ ಕಛೇರಿಯೊಂದರ ನಡುವೆ, ಬೇಸರ ತಾಳಲಾರದೆ, ವೇದಿಕೆಯ ಮೇಲೆಯೇ ಭಾರತೀಯ ಅಡುಗೆಯ ಊಟವನ್ನು ತರಿಸಿಕೊಂಡು ತಿಂದನೆಂಬ ಕಥೆಯನ್ನು ಅವನೇ ಹಲವು ಬಾರಿ ಹೇಳಿದ್ದಾನೆ. ಅಂದು ವೇದಿಕೆಯ ಮುಂದುಗಡೆ ನಮ್ಮ ಶಾಸ್ತ್ರ, ಹಿಂದುಗಡೆ ನಮ್ಮ ಮಸಾಲೆ! 1974ರಲ್ಲಿ ಅವನು ತಂಡವನ್ನು ಬಿಟ್ಟನು. ಎರಡು ವರ್ಷಗಳಲ್ಲಿ ಮರಳಿಯೂ ಬಂದನು.

ನಾನು ದಿನಕ್ಕೊಂದು ಬದಿಯಂತೆ ನಾಲ್ಕು ರಾತ್ರಿ ಇದನ್ನು ಕೇಳಿದೆನು. ನಮ್ಮ ರಾಗಗಳ ಅನುಕರಣೆಯನ್ನು ಹುಡುಕಿದವರಿಗೆ ನಿರಾಶೆಯೇ. 1966ರಲ್ಲಿ ಜಾರ್ಜ್ ಹ್ಯಾರಿಸನ್ ರವಿಶಂಕರರಲ್ಲಿ ಶಿಷ್ಯವೃತ್ತಿ ಮಾಡಿ ಸಿತಾರವನ್ನು ಕಲಿತನು. ಅವನು ನಾದವನ್ನು ಬಯಸಿದನು. ಇವರು ಬಯಸಿದ್ದು ವಿನ್ಯಾಸವನ್ನು. ಮೊದಲ ರಾತ್ರಿ, ಮಂತ್ರದಂತೆ ಒಂದೇ ಸ್ಥಾಯಿಯ ಸುತ್ತ ಕಂಠಗಳು ಎದ್ದುಬಂದಾಗ ನಾನು ನೇರವಾಗಿ ಕುಳಿತೆನು. ಎರಡನೆಯದು ನೆನಪಿನಂತೆಯೇ ಮೆಲ್ಲನೆ ಹಬ್ಬುವ ಸಂಗೀತ. ತಟ್ಟೆಯನ್ನು ಹಳಿದ ವೇಕ್‌ಮನ್ನನ ಕೈವಾಡವೇ ಅಲ್ಲಿ ಸೊಗಸು. ಮೂರನೆಯದು ನನ್ನ ತಾಳ್ಮೆಯನ್ನು ಪರೀಕ್ಷಿಸಿತು. ಬಹುಹೊತ್ತು ಗಿಟಾರೂ ತಾಳವಾದ್ಯಗಳೂ ಕಾದಾಡಿದ ಮೇಲೆ, ಕೊನೆಯಲ್ಲಿ ಬರಿಯ ತಂತಿಯ ಸರಳ ಹಾಡೊಂದು ಬಂದು ಗಾಯಕ್ಕೆ ಬೆಣ್ಣೆ ಸವರುತ್ತದೆ. ನಾಲ್ಕನೆಯದರ ನಡುವೆ ಮದ್ದಳೆಗಳ ದೊಡ್ಡ ಹೊಡೆತ. ಅದರ ನಂತರದ ಶಾಂತಿಗಾಗಿಯೇ ಆ ಗದ್ದಲವೆಂದು ಅನಿಸಿತು. ನನ್ನ ತೀರ್ಪು ಇಷ್ಟೆ: ಆಂಡರ್‌ಸನ್ನನು ವೇದವನ್ನೋದಿದವನಲ್ಲ, ಒಂದು ಟಿಪ್ಪಣಿಯನ್ನು ಮಾತ್ರ ಓದಿದವನು, ಕೃತಿಯಲ್ಲಿ ಜೊಳ್ಳೂ ಇದೆ. ಆದರೆ ಜೊಳ್ಳಿದೆಯೆಂದು ರಾಶಿಯನ್ನೇ ಸುಡುವ ರೈತನಿಲ್ಲ.

ನಮ್ಮ ಸಾಹಿತ್ಯದಲ್ಲಿಯೇ ನೋಡಿ. ರಾಘವಾಂಕನು ಹರಿಶ್ಚಂದ್ರನೆಂಬ ಮರ್ತ್ಯನನ್ನು ಕುರಿತು ಕಾವ್ಯ ಬರೆದನೆಂದು ಗುರು ಹರಿಹರನು ಕೋಪಗೊಂಡು ಅವನ ಹಲ್ಲುದುರಿಸಿದನೆಂದು ಐತಿಹ್ಯ. ಕಾವ್ಯವೂ ಹೊಸದು, ಷಟ್ಪದಿಯಲ್ಲಿ ಮಹಾಕಾವ್ಯ ಕಟ್ಟುವ ದಾರಿಯೂ ಹೊಸದು. ಮುಂದೆ ಕುಮಾರವ್ಯಾಸ, ಲಕ್ಷ್ಮೀಶರು ನಡೆದದ್ದು ಆ ದಾರಿಯಲ್ಲಿಯೇ. ಐತಿಹ್ಯದ ಸತ್ಯಾಸತ್ಯ ಹಾಗಿರಲಿ. ವರ್ಷಕ್ಕೊಮ್ಮೆ ಈ ಕಥೆಯನ್ನು ಹೇಳಿ, ಗುರುವಿನ ದುಡುಕಿಗೆ ಮರುಗುವವನು ನಾನು. ನನ್ನ ಕೈಯ ಲೇಖನಿಯೂ ಹಲ್ಲುದುರಿಸಬಲ್ಲದೆಂಬುದು ಮಾತ್ರ ಹೊಳೆದಿರಲಿಲ್ಲ.

ಐದನೆಯ ದಿನ ಆ ಪ್ರಬಂಧವನ್ನು ಹೊರತೆಗೆದು ಅಡ್ಡಗೆರೆಯ ಕೆಳಗಿದ್ದ ಸಾಲುಗಳನ್ನು ಮೊದಲ ಬಾರಿಗೆ ನೆಟ್ಟಗೆ ಓದಿದೆನು. ಹುಡುಗನು ಬರೆದಿದ್ದುದು ಇದು: ಶ್ರುತಿಯೆಂದರೆ ವೇದ, ನಮ್ಮ ಸಂಗೀತಗಾರರಿಗೆ ತಂಬೂರಿಯ ನಾದವೂ ಶ್ರುತಿಯೇ, ಎರಡನ್ನೂ ಒಂದೇ ಹೆಸರಿನಿಂದ ಕರೆದವರು, ಎಲ್ಲಕ್ಕೂ ಮೊದಲು ಕೇಳುವುದನ್ನು ಕಲಿಯಬೇಕೆಂದು ಬಲ್ಲವರು, ದೂರದ ಗಾಯಕನೊಬ್ಬನಿಗೆ ಆ ಪಟ್ಟಿಯ ಮೊದಲ ಶಬ್ದವೇ ಬಾಗಿಲಾದುದು ಆಕಸ್ಮಿಕವಲ್ಲ. ಇದು ವಿಷಯಾಂತರವಲ್ಲ, ವಿಷಯವೇ ಆಗಿತ್ತು.

ಅಂಕಗಳು ಆಗಲೇ ಕಚೇರಿ ಸೇರಿದ್ದುವು. ಅವನ್ನು ತಿದ್ದಲು ಬರುವಂತಿರಲಿಲ್ಲ. ಆದುದರಿಂದ ಅದೇ ತರಗತಿಯಲ್ಲಿ, ನಕ್ಕವರೆಲ್ಲರ ಎದುರಿಗೆ, ನಾನು ಕೇಳದೆ ಹಳಿದೆನೆಂದೂ ಅದು ತಪ್ಪೆಂದೂ ಹೇಳಿ ಆ ಅರ್ಧ ಪುಟವನ್ನು ಮತ್ತೊಮ್ಮೆ ಓದಿದೆನು. ಈ ಸಲ ಯಾರೂ ನಗಲಿಲ್ಲ. ಹೊರಗೆ ಬಂದಾಗ ಹುಡುಗನು ಕಾದು ನಿಂತಿದ್ದನು.

“ನಾಲ್ಕೂ ಹಿಡಿಸಿದುವೆ, ಸಾರ್?”

“ಮೂರನೆಯದು ಸಾಕುಸಾಕಾಯಿತಪ್ಪ,” ಎಂದೆನು.

ಅವನು ಒಂದು ಕ್ಷಣ ನನ್ನ ಮುಖ ನೋಡಿ, “ನನಗೂ ಅಷ್ಟೇ ಸಾರ್,” ಎಂದು ನಕ್ಕನು. ಹೊಸತೊಂದು ಪಟ್ಟಿಯನ್ನು ಕೊಟ್ಟು ಹೋದನು. ಕೆಂಪು ಮಸಿಯ ಲೇಖನಿಯನ್ನು ಸದ್ಯಕ್ಕೆ ಮೇಜಿನ ಒಳಗಿಟ್ಟಿದ್ದೇನೆ.