ಗೋಡೆ ಬಗ್ಗೆ ಯಾರೂ ಮಾತಾಡಲ್ಲ

ಹಾಸ್ಟೆಲ್‌ನಲ್ಲಿ ರೇಸಿಂಗ್ ಮಾತು ಬಂದರೆ ಎಂಜಿನ್, ಟಾಪ್ ಸ್ಪೀಡ್, ಟರ್ಬೊ ಅಂತ ರಾತ್ರಿ ಎರಡರವರೆಗೂ ಎಳೀತೀವಿ. ಟ್ರ್ಯಾಕಿನ ಸುತ್ತ ಇರೋ ಗೋಡೆ ಯಾರಿಗೂ ನೆನಪಾಗಲ್ಲ. ಅಮೆರಿಕದ ರೇಸಿಂಗ್ ಚರಿತ್ರೆಯಲ್ಲಿ ಕಾರಿನಷ್ಟೇ ಓದಬೇಕಾದ ವಸ್ತು ಅದು ಅನ್ನೋದು ನಮ್ಮ ವಾದ.

1909ರ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಹೊಸ ಟ್ರ್ಯಾಕಿನಲ್ಲಿ ಮೊದಲ ಸಲ ಕಾರ್ ರೇಸ್ ನಡೆಯಿತು. ಜಲ್ಲಿ, ಟಾರು ಹಾಕಿದ್ದ ನೆಲ ಕಿತ್ತು ಬಂತು. ಮೂರೇ ದಿನದಲ್ಲಿ ಐದು ಜನ ಸತ್ತರು, ಅದರಲ್ಲಿ ಇಬ್ಬರು ರೇಸ್ ನೋಡೋಕೆ ಬಂದವರು. ಮಾಲೀಕರು ಅದೇ ವರ್ಷ ಸುಮಾರು 32 ಲಕ್ಷ ಇಟ್ಟಿಗೆ ಹಾಸಿಸಿದರು. ಅದಕ್ಕೇ ಇವತ್ತಿಗೂ ಆ ಜಾಗಕ್ಕೆ ‘ಬ್ರಿಕ್‌ಯಾರ್ಡ್’ ಅನ್ನೋ ಹೆಸರು. ನೆಲ ಕೆಟ್ಟರೆ ರೇಸೇ ಇಲ್ಲ, ರೇಸಿಲ್ಲದಿದ್ದರೆ ಟಿಕೆಟ್ಟೂ ಇಲ್ಲ. ಹಾಗಾಗಿ ರಿಪೇರಿ ಬೇಗ ಆಯ್ತು.

ಚಾಲಕನ ಕುತ್ತಿಗೆ ವಿಷಯಕ್ಕೆ ಈ ಅವಸರ ಕಾಣಲ್ಲ. ಕಾರು ಕಾಂಕ್ರೀಟ್ ಗೋಡೆಗೆ ಗುದ್ದಿದಾಗ ಬೆಲ್ಟು ದೇಹವನ್ನು ಹಿಡಿದುಕೊಳ್ಳುತ್ತೆ, ಹೆಲ್ಮೆಟ್ ಹೊತ್ತ ತಲೆ ಮಾತ್ರ ಮುಂದಕ್ಕೆ ಹೋಗುತ್ತೆ. ಆ ಎಳೆತಕ್ಕೆ ತಲೆಬುರುಡೆಯ ಬುಡ ಮುರಿಯುತ್ತೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಮತ್ತು ರೇಸರ್ ಜಿಮ್ ಡೌನಿಂಗ್ ಇದಕ್ಕೆ 1980ರ ದಶಕದಲ್ಲೇ ಉತ್ತರ ಹುಡುಕಿದ್ದರು: ಹೆಗಲ ಮೇಲೆ ಕೂರುವ ಒಂದು ಪಟ್ಟಿ, ಅದರಿಂದ ಹೆಲ್ಮೆಟ್ಟಿಗೆ ಕಟ್ಟುವ ಎರಡು ದಾರ. ಹೆಸರು ಹ್ಯಾನ್ಸ್. ಆದ್ರೆ ಹಾಕಿಕೊಳ್ಳೋರು ಯಾರು? ಕಿರಿಕಿರಿ, ಕತ್ತು ತಿರುಗಲ್ಲ, ಬೆಂಕಿ ಬಿದ್ದರೆ ಹೊರಗೆ ಬರೋದು ಕಷ್ಟ, ಹೀಗೆ ನೂರೆಂಟು ನೆಪ.

2000ದ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಿನಲ್ಲಿ ಆಡಮ್ ಪೆಟ್ಟಿ ಸತ್ತ. ವಯಸ್ಸು 19, ಅಂದ್ರೆ ನಮ್ಮ ಸೆಕೆಂಡ್ ಇಯರ್ ಹುಡುಗರಷ್ಟು. ಜುಲೈನಲ್ಲಿ ಅದೇ ಟ್ರ್ಯಾಕು, ಅದೇ ತಿರುವು, ಕೆನ್ನಿ ಅರ್ವಿನ್. ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಟೋನಿ ರೋಪರ್. ಆಗಲೂ ನಾಸ್ಕಾರ್ ಹ್ಯಾನ್ಸ್ ಕಡ್ಡಾಯ ಮಾಡಲಿಲ್ಲ. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೇ ಲ್ಯಾಪಿನಲ್ಲಿ ಏಳು ಸಲ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ತೀರಿಕೊಂಡರು. ಅದಾದ ಮೇಲೂ ತಲೆ-ಕತ್ತಿನ ರಕ್ಷಣೆ ಕಡ್ಡಾಯವಾಗೋಕೆ ಎಂಟು ತಿಂಗಳು ಹಿಡೀತು. ಮಾಮೂಲಿ ಚಾಲಕರ ಸಾವು ಆ ಆಟದಲ್ಲಿ ಲೆಕ್ಕಕ್ಕೇ ಇರಲಿಲ್ಲ ಅಂತ ನಾವು ಹೇಳಿದರೆ ಕಟುವಾಯ್ತು ಅನ್ನಬೇಡಿ, ತಾರೀಖುಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿ.

ಗೋಡೆಯನ್ನು ಬದಲಿಸಿದವರು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಡೀನ್ ಸಿಕಿಂಗ್ ತಂಡ. ಹೆದ್ದಾರಿ ಬದಿಯ ತಡೆಗೋಡೆ ಪರೀಕ್ಷೆ ಮಾಡ್ತಿದ್ದವರು, ರೇಸಿನವರೇ ಅಲ್ಲ! ಚೌಕಾಕಾರದ ಉಕ್ಕಿನ ಕೊಳವೆಗಳನ್ನು ಬೆಸುಗೆ ಹಾಕಿ, ಅದರ ಹಿಂದೆ, ಕಾಂಕ್ರೀಟಿಗೆ ಮುಂಚೆ, ಫೋಮ್ ಇಟ್ಟರು. ಗುದ್ದಿನ ಶಕ್ತಿ ಕ್ಷಣಮಾತ್ರ ಹೆಚ್ಚು ಹೊತ್ತಿಗೆ ಹಂಚಿಹೋಗುತ್ತೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಪಾಠ ಅಷ್ಟೇ. 2002ರ ಮೇನಲ್ಲಿ ಅದು ಇಂಡಿಯಾನಾಪೊಲಿಸ್‌ಗೆ ಬಂತು. ಇಂಡಿ ಕಾರುಗಳಲ್ಲಿ ಆಮೇಲೂ ಸಾವಾಗಿದೆ, ಅಲ್ಲಿ ಕಾಕ್‌ಪಿಟ್ ತೆರೆದೇ ಇತ್ತು. ನಾಸ್ಕಾರ್‌ನ ಮುಖ್ಯ ಸರಣಿಯಲ್ಲಿ ಮಾತ್ರ ಅರ್ನ್‌ಹಾರ್ಟ್ ನಂತರ ರೇಸಿನಲ್ಲಿ ಯಾರೂ ಸತ್ತಿಲ್ಲ.

ಆದರೂ ದುಡ್ಡಿನ ಲೆಕ್ಕ ಬಿಡಬೇಕಲ್ಲ. ಕಾರು ಅಷ್ಟಾಗಿ ಹೋಗಲ್ಲ ಅಂದುಕೊಂಡ ಕಡೆ ಬರೀ ಕಾಂಕ್ರೀಟ್ ಉಳೀತು. 2015ರಲ್ಲಿ ಡೇಟೋನಾದಲ್ಲೇ ಕೈಲ್ ಬುಶ್ ಅಂಥ ಒಳಗೋಡೆಗೆ ಗುದ್ದಿ ಕಾಲು ಮುರಿದುಕೊಂಡ. ಮರುದಿನವೇ ಡೇಟೋನಾ 500. ರಾತ್ರೋರಾತ್ರಿ ಆ ಗೋಡೆಯುದ್ದಕ್ಕೂ ಟೈರುಗಳನ್ನು ಕಟ್ಟಿ ನಿಲ್ಲಿಸಿದರು.